ಬೇಲಿ ದಾಟುವ ಸದ್ದು, ಮಣ್ಣಲ್ಲಿ ಉಳಿಯುವ ಸೀಸ: ಕ್ಲೇ ಪಿಜನ್ ಮೈದಾನಗಳಿಗೆ ಬೀಗ ಬೀಳುವುದೇಕೆ?

ಇಂಗ್ಲೆಂಡಿನ ಹಳ್ಳಿಗಾಡಿನಿಂದ ಆಗಾಗ ಒಂದು ಬಗೆಯ ಸುದ್ದಿ ಬರುತ್ತದೆ. ಊರಾಚೆಯ ಕ್ಲೇ ಪಿಜನ್ ಶೂಟಿಂಗ್ ಮೈದಾನ, ಅಂದರೆ ಗಾಳಿಗೆ ಎಸೆದ ಬಿಲ್ಲೆಗೆ ಕೋವಿಯಿಂದ ಗುರಿಯಿಡುವ ಆಟದ ಜಾಗ, ಮುಚ್ಚುತ್ತಿದೆ ಅಂತ. ಕ್ಲಬ್ಬಿನವರು ಹೊಸದಾಗಿ ಬಂದ ನೆರೆಯವರನ್ನು ಬೈಯುತ್ತಾರೆ. ನೆರೆಯವರು, ಅಬ್ಬಾ, ಇನ್ನು ಭಾನುವಾರ ಹಿತ್ತಲಲ್ಲಿ ಕೂತು ನೆಮ್ಮದಿಯಾಗಿ ಟೀ ಕುಡಿಯಬಹುದು ಎನ್ನುತ್ತಾರೆ. ಕೌನ್ಸಿಲ್‌ನವರು, ಅಂದರೆ ಅಲ್ಲಿನ ಸ್ಥಳೀಯ ಆಡಳಿತದವರು, ಯಾವುದೋ ಕಾನೂನಿನ ಸೆಕ್ಷನ್ ಹೇಳಿ ಸುಮ್ಮನಾಗುತ್ತಾರೆ.

ದೂರದಿಂದ ಓದುವವರಿಗೆ ತಲೆಬುಡ ಅರ್ಥವಾಗುವುದಿಲ್ಲ. ಅಲ್ಲಿ ಅಪಘಾತ ಆಗಿಲ್ಲ. ಯಾರಿಗೂ ಗುಂಡು ತಗುಲಿಲ್ಲ. ಮೂವತ್ತು ನಲವತ್ತು ವರ್ಷದಿಂದ ನಡೆದುಕೊಂಡು ಬಂದ ಜಾಗ, ಕಾಗದಪತ್ರ ಎಲ್ಲ ಸರಿಯಾಗಿದೆ. ಹಾಗಿದ್ದರೂ ಮುಚ್ಚುತ್ತದೆ. ಇದರ ಮೇಲೆ 2025ರ ಜುಲೈನಲ್ಲಿ ಬ್ರಿಟನ್ ಸರ್ಕಾರ ಸೀಸದ ಗುಂಡುಗಳನ್ನು ನಿಷೇಧಿಸುವುದಾಗಿ ಹೇಳಿದ ಮೇಲಂತೂ, ಎಲ್ಲ ಮೈದಾನಗಳ ಕತೆಯೂ ಮುಗಿಯಿತು ಎಂಬಂತೆ ಮಾತು ಕೇಳಿಬರುತ್ತಿದೆ.

ಈ ಮೈದಾನಗಳು ಕೋವಿಯ ಭಯದಿಂದ ಮುಚ್ಚುವುದು ಕಡಿಮೆ. ಕೋವಿಯನ್ನು ಎಲ್ಲಿ ಹಿಡಿಯಬೇಕು, ಯಾವ ದಿಕ್ಕಿಗೆ ಹೊಡೆಯಬೇಕು, ಎದುರಿಗೆ ಎಷ್ಟು ಜಾಗ ಖಾಲಿ ಬಿಡಬೇಕು ಎಂಬುದಕ್ಕೆಲ್ಲ ಕಟ್ಟುನಿಟ್ಟಿನ ನಿಯಮಗಳಿವೆ, ಅವನ್ನು ಪಾಲಿಸುತ್ತಾರೆ ಕೂಡ. ಮೈದಾನದ ಕೈ ಮೀರಿ ಹೋಗುವುದು ಬೇರೆ ಎರಡು. ಒಂದು ಸದ್ದು, ಅದು ಬೇಲಿ ದಾಟಿ ಪಕ್ಕದ ಮನೆಗೆ ಹೋಗುತ್ತದೆ. ಇನ್ನೊಂದು ಸೀಸ, ಅದು ಅಲ್ಲೇ ಮಣ್ಣಲ್ಲಿ ಕೂತು ಮುಂದಿನ ತಲೆಮಾರಿಗೆ ಹೋಗುತ್ತದೆ. ಈ ಎರಡಕ್ಕೂ ಕಾನೂನು ಈಗ ಬೆಲೆ ಕಟ್ಟುತ್ತಿದೆ. ಗೊಂದಲದ ಬೇರು ಇರುವುದು ಇಲ್ಲಿ.

ಪಾರಿವಾಳವೂ ಇಲ್ಲ, ಜೇಡಿಮಣ್ಣೂ ಇಲ್ಲ

ಮೊದಲು ಹೆಸರಿನ ಗೊಂದಲ. ಕ್ಲೇ ಪಿಜನ್ ಅಂದರೆ ಮಣ್ಣಿನ ಪಾರಿವಾಳ. ಒಂದು ಕಾಲದಲ್ಲಿ ನಿಜವಾದ ಪಾರಿವಾಳವನ್ನೇ ಪೆಟ್ಟಿಗೆಯಲ್ಲಿಟ್ಟು, ಹಗ್ಗ ಎಳೆದು ಹಾರಿಬಿಟ್ಟು ಗುಂಡು ಹೊಡೆಯುತ್ತಿದ್ದರು. 1900ರ ಪ್ಯಾರಿಸ್ ಒಲಿಂಪಿಕ್ಸ್ ಹೊತ್ತಿನಲ್ಲೂ ಜೀವಂತ ಪಾರಿವಾಳಗಳಿಗೆ ಗುರಿಯಿಡುವ ಸ್ಪರ್ಧೆ ನಡೆದಿತ್ತು. ಬ್ರಿಟನ್ನಿನಲ್ಲಿ 1921ರ ಕಾನೂನು ಅದಕ್ಕೆ ತೆರೆ ಎಳೆಯಿತು.

ಅಷ್ಟರಲ್ಲಿ ಬದಲಿ ವಸ್ತು ಸಿದ್ಧವಾಗಿತ್ತು. ಮೊದಲು ಗಾಜಿನ ಚೆಂಡು ಬಂತು. ಆಮೇಲೆ 1880ರಲ್ಲಿ ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೋಸ್ಕಿ ಎಂಬಾತ ಸುಟ್ಟ ಮಣ್ಣಿನ ಬಿಲ್ಲೆ ಮಾಡಿದ. ಈಗಿನ ಬಿಲ್ಲೆಯಲ್ಲಿ ಜೇಡಿಮಣ್ಣೂ ಇಲ್ಲ. ಸುಣ್ಣದ ಕಲ್ಲಿನ ಪುಡಿಗೆ ಡಾಂಬರಿನಂಥ ಅಂಟು ಬೆರೆಸಿ ಅಚ್ಚು ಹಾಕುತ್ತಾರೆ. ಅಗಲ 110 ಮಿಲಿಮೀಟರ್, ತೂಕ ಸುಮಾರು 105 ಗ್ರಾಂ. ಯಂತ್ರ ಅದನ್ನು ಗಾಳಿಗೆ ಎಸೆಯುತ್ತದೆ, ಆಟಗಾರ ಅದು ನೆಲ ಮುಟ್ಟುವ ಮೊದಲೇ ಒಡೆಯಬೇಕು. ಈ ಡಾಂಬರಿನ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಮ್ಮಲ್ಲಿ ಈ ಆಟದ ಪರಿಚಯ ಜಾಸ್ತಿ ಇಲ್ಲ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದರಲ್ಲ, ಆ ಡಬಲ್ ಟ್ರ್ಯಾಪ್ ಇದೇ ಕುಟುಂಬದ್ದು. ಟ್ರ್ಯಾಪ್, ಸ್ಕೀಟ್ ಇವೆಲ್ಲ ಅಣ್ಣತಮ್ಮಂದಿರು. ರೈಫಲ್, ಪಿಸ್ತೂಲು ಸ್ಪರ್ಧೆಗಳಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ರೈಫಲ್ಲಿನ ಗುಂಡು ಒಂದೇ, ಅದು ಹೋಗಿ ಎದುರಿನ ಮಣ್ಣಿನ ದಿಬ್ಬಕ್ಕೆ ಬಡಿಯುತ್ತದೆ. ಶಾಟ್‌ಗನ್ ಹೊಡೆಯುವುದು ಆಕಾಶಕ್ಕೆ. ಒಂದು ಕಾಡತೂಸಿನಿಂದ ನೂರಾರು ಸೀಸದ ಕಾಳು ಹೊರಬಿದ್ದು ಸಾಸಿವೆ ಎರಚಿದ ಹಾಗೆ ಹೊಲದ ತುಂಬ ಚೆಲ್ಲುತ್ತವೆ. ದಿಬ್ಬ ಕಟ್ಟಿ ತಡೆಯುವುದು ಸುಲಭವಲ್ಲ.

ಒಂದು ಭಾನುವಾರದ ಲೆಕ್ಕ

ಸಾಧಾರಣ ಮೈದಾನ ಒಂದನ್ನು ಊಹಿಸಿಕೊಳ್ಳಿ. ಭಾನುವಾರ 50 ಜನ ಬಂದಿದ್ದಾರೆ. ಒಬ್ಬೊಬ್ಬರು 100 ಬಿಲ್ಲೆಗೆ ಹೊಡೆಯುತ್ತಾರೆ. ಅಂದರೆ 5,000 ಗುಂಡು. ಬೆಳಗಿನಿಂದ ಮಧ್ಯಾಹ್ನದವರೆಗೆ ನಾಲ್ಕು ಗಂಟೆ ಆಟ ಅಂದುಕೊಂಡರೆ ನಿಮಿಷಕ್ಕೆ ಇಪ್ಪತ್ತು ಸದ್ದು, ಮೂರು ಸೆಕೆಂಡಿಗೊಂದು.

ಇನ್ನು ತೂಕ. ಕ್ಲಬ್ ಮಟ್ಟದಲ್ಲಿ ಬಳಸುವ ಕಾಡತೂಸಿನಲ್ಲಿ ಸಾಮಾನ್ಯವಾಗಿ 28 ಗ್ರಾಂ ಸೀಸ ಇರುತ್ತದೆ, ಒಲಿಂಪಿಕ್ ಮಾದರಿಯ ಸ್ಪರ್ಧೆಯಲ್ಲಿ 24 ಗ್ರಾಂ. 28ರ ಲೆಕ್ಕ ಹಿಡಿದರೆ ಆ ಒಂದೇ ದಿನ ನೆಲಕ್ಕೆ ಬೀಳುವ ಸೀಸ 140 ಕಿಲೋ. ವರ್ಷಕ್ಕೆ 40 ಭಾನುವಾರ ಆಡಿದರೆ ಐದೂವರೆ ಟನ್‌ಗಿಂತ ಮೇಲೆ. ಮೂವತ್ತು ವರ್ಷಕ್ಕೆ 168 ಟನ್. ಇದಲ್ಲದೆ ದಿನಕ್ಕೆ ಅರ್ಧ ಟನ್ನಿನಷ್ಟು ಒಡೆದ ಬಿಲ್ಲೆ ಚೂರು, ಪ್ರತಿ ಕಾಡತೂಸಿನಿಂದ ಹಾರಿ ಬೀಳುವ ಪುಟ್ಟ ಪ್ಲಾಸ್ಟಿಕ್ ಬಟ್ಟಲು.

ಇದು ಅಳತೆ ಮಾಡಿ ತೆಗೆದ ಅಂಕಿ ಅಲ್ಲ, ಬರೀ ಗುಣಾಕಾರ. ಆದರೆ ಜಗಳ ಯಾಕೆ ಇಷ್ಟು ಬಿಗಿಯಾಗಿದೆ ಎಂದು ತಿಳಿಯಲು ಈ ಗುಣಾಕಾರ ಸಾಕು. ಆಡುವವನ ಲೆಕ್ಕದಲ್ಲಿ ಅದು 100 ಬಿಲ್ಲೆ, ವಾರದ ಒಂದು ಬೆಳಗ್ಗೆ. ಪಕ್ಕದ ಮನೆಯವಳ ಲೆಕ್ಕದಲ್ಲಿ 5,000 ಸದ್ದು. ಮಣ್ಣಿನ ಲೆಕ್ಕದಲ್ಲಿ 168 ಟನ್. ಮೂವರೂ ಸುಳ್ಳು ಹೇಳುತ್ತಿಲ್ಲ.

ನಾವು ಮೊದಲು ಬಂದವರು, ಅಲ್ವಾ?

ಕ್ಲಬ್ಬಿನವರ ಮೊದಲ ವಾದ ಯಾವಾಗಲೂ ಇದೇ. ಮೈದಾನ ಇರುವುದು ಗೊತ್ತಿದ್ದೇ ಮನೆ ಕೊಂಡರು, ಈಗ ಸದ್ದು ಅಂತ ಅಳುತ್ತಾರೆ. ಕಲ್ಯಾಣ ಮಂಟಪದ ಪಕ್ಕ ಅಪಾರ್ಟ್‌ಮೆಂಟ್ ಕಟ್ಟಿ, ಆಮೇಲೆ ವಾಲಗದ ಮೇಲೆ ದೂರು ಕೊಟ್ಟ ಹಾಗೆ. ಕೇಳಲು ಈ ವಾದ ನ್ಯಾಯವಾಗಿಯೇ ಇದೆ. ಆದರೆ ಇಂಗ್ಲಿಷ್ ಕಾನೂನು ಇದನ್ನು ಒಪ್ಪುವುದಿಲ್ಲ, ಒಪ್ಪದೆ ನೂರೈವತ್ತು ವರ್ಷವೇ ಆಗುತ್ತಾ ಬಂತು.

1879ರಲ್ಲಿ ಲಂಡನ್ನಿನಲ್ಲಿ ಒಂದು ಮೊಕದ್ದಮೆ ನಡೆಯಿತು. ವಿಗ್ಮೋರ್ ಬೀದಿಯಲ್ಲಿ ಒಬ್ಬ ಮಿಠಾಯಿಗಾರ. ಅವನ ಅಡುಗೆಮನೆಯಲ್ಲಿ ದೊಡ್ಡ ಒರಳುಗಳಲ್ಲಿ ಕುಟ್ಟುವ ಕೆಲಸ ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಡೆದಿತ್ತು. ಹಿಂದಿನ ಬೀದಿಯ ಡಾಕ್ಟರ್ ತನ್ನ ತೋಟದ ತುದಿಯಲ್ಲಿ, ಸರಿಯಾಗಿ ಆ ಗೋಡೆಗೇ ಅಂಟಿಕೊಂಡು, ರೋಗಿಗಳನ್ನು ನೋಡುವ ಕೋಣೆ ಕಟ್ಟಿಸಿದ. ಒರಳಿನ ಸದ್ದಿನಲ್ಲಿ ಎದೆಬಡಿತ ಕೇಳುವುದಿಲ್ಲ ಎಂದು ಕೋರ್ಟಿಗೆ ಹೋದ. ಗೆದ್ದದ್ದು ಡಾಕ್ಟರೇ. ಇಪ್ಪತ್ತು ವರ್ಷ ಕುಟ್ಟಿದ್ದೀಯ ನಿಜ, ಆದರೆ ಆಗ ಅದು ಯಾರಿಗೂ ತೊಂದರೆ ಆಗಿರಲಿಲ್ಲ. ತೊಂದರೆ ಶುರುವಾದದ್ದು ಕೋಣೆ ಕಟ್ಟಿದ ಮೇಲೆ, ನಿನ್ನ ಹಕ್ಕಿನ ಗಡಿಯಾರ ಓಡಲು ಶುರುವಾಗುವುದೂ ಅಲ್ಲಿಂದಲೇ. ಕೋರ್ಟಿನ ತರ್ಕ ಹೆಚ್ಚುಕಡಿಮೆ ಹೀಗಿತ್ತು.

ಕ್ರಿಕೆಟ್ ಹುಚ್ಚಿನವರಿಗೆ ರುಚಿಸುವ ಇನ್ನೊಂದು ಪ್ರಕರಣ 1977ರದು. ಡರ್ಹ್ಯಾಮ್ ಪ್ರಾಂತದ ಲಿಂಟ್ಜ್ ಎಂಬ ಹಳ್ಳಿ. ಸುಮಾರು 70 ವರ್ಷದಿಂದ ಆಡುತ್ತಿದ್ದ ಮೈದಾನದ ಪಕ್ಕ ಹೊಸ ಮನೆಗಳು ಎದ್ದವು, ಸಿಕ್ಸರ್‌ಗಳು ಹಿತ್ತಲಿಗೆ ಬೀಳತೊಡಗಿದವು. ಮೂವರು ಜಡ್ಜ್‌ಗಳಲ್ಲಿ ಇಬ್ಬರು ಇದು ನೆರೆಯವರಿಗೆ ತೊಂದರೆಯೇ ಎಂದರು. ಲಾರ್ಡ್ ಡೆನ್ನಿಂಗ್ ಒಬ್ಬರು ಮಾತ್ರ ಅಲ್ಲ ಎಂದರು. ಆದರೆ ಆಟ ನಿಲ್ಲಿಸಬೇಕೇ ಎಂಬ ಪ್ರಶ್ನೆ ಬಂದಾಗ ಬಹುಮತ ತಿರುಗಿತು. ನಷ್ಟ ತುಂಬಿಕೊಡಿ, ಆಟ ಮುಂದುವರಿಸಿ ಎಂದಾಯಿತು. ಪರಿಹಾರ 400 ಪೌಂಡ್.

ಈಗ ಎಲ್ಲರೂ ಉದಾಹರಿಸುವುದು 2014ರ ಸುಪ್ರೀಂ ಕೋರ್ಟ್ ತೀರ್ಪನ್ನು. ಸಫೋಕ್‌ನ ಮಿಲ್ಡನ್‌ಹಾಲ್ ಹತ್ತಿರ ಮೋಟಾರ್ ಸೈಕಲ್ ರೇಸಿನ ಕ್ರೀಡಾಂಗಣ ಇತ್ತು, 1975ರಿಂದ ಪರವಾನಗಿಯೊಂದಿಗೆ. 2006ರಲ್ಲಿ ಹತ್ತಿರದ ಮನೆ ಕೊಂಡವರು ಸದ್ದಿನ ವಿರುದ್ಧ ಕೋರ್ಟಿಗೆ ಹೋದರು. ನಡುವೆ 2010ರಲ್ಲಿ ಆ ಮನೆಗೇ ಬೆಂಕಿ ಬಿದ್ದು ಅಲ್ಲಿ ಯಾರೂ ವಾಸವಿರಲಿಲ್ಲ, ಮೊಕದ್ದಮೆ ಮಾತ್ರ ನಡೆಯುತ್ತಲೇ ಇತ್ತು. ಕೊನೆಗೆ ಕೋರ್ಟ್ ಹೇಳಿದ ಮೂರು ಮಾತು ಶೂಟಿಂಗ್ ಮೈದಾನಗಳಿಗೂ ನೇರವಾಗಿ ಅನ್ವಯಿಸುತ್ತವೆ. ನೆರೆಯವರು ಆಮೇಲೆ ಬಂದರು ಎಂಬುದು ಸಾಮಾನ್ಯವಾಗಿ ಸಮರ್ಥನೆ ಆಗುವುದಿಲ್ಲ. ಕೌನ್ಸಿಲ್ ಪರವಾನಗಿ ಕೊಟ್ಟಿದೆ ಎಂಬ ಕಾರಣಕ್ಕೆ ತೊಂದರೆ ತೊಂದರೆ ಅಲ್ಲದೆ ಹೋಗುವುದಿಲ್ಲ. ಮೂರನೆಯದು ಕ್ಲಬ್ಬುಗಳಿಗೆ ಸ್ವಲ್ಪ ಸಮಾಧಾನ ಕೊಡುವಂಥದು: ತೊಂದರೆ ಸಾಬೀತಾದ ಕೂಡಲೇ ನಿಲ್ಲಿಸಲೇಬೇಕು ಎಂದಿಲ್ಲ, ಹಣದ ಪರಿಹಾರ ಕೊಡಿಸಿ ಬಿಡಬಹುದು.

ಅದೇ ತೀರ್ಪಿನಲ್ಲಿ ಒಂದು ತಮಾಷೆಯ ತಿರುವೂ ಇದೆ. 20 ವರ್ಷ ಸತತವಾಗಿ ತೊಂದರೆ ಕೊಟ್ಟಿದ್ದರೆ ಸದ್ದು ಮಾಡುವ ಹಕ್ಕು ಬರಬಹುದು ಎಂದು ಕೋರ್ಟ್ ಒಪ್ಪಿತು. ಅಂದರೆ ಕ್ಲಬ್ ಗೆಲ್ಲಬೇಕಾದರೆ, ನಾವು 20 ವರ್ಷದಿಂದ ನಿಮಗೆ ತಲೆನೋವಾಗಿದ್ದೇವೆ ಎಂದು ತಾನೇ ಸಾಬೀತು ಮಾಡಬೇಕು. ಇಷ್ಟು ದಿನ ಯಾರಿಗೂ ತೊಂದರೆ ಆಗಿಲ್ಲ ಎಂದು ವಾದಿಸುತ್ತಾ ಬಂದವರಿಗೆ ಇದು ನುಂಗಲಾಗದ ತುತ್ತು.

55 ಮತ್ತು 65ರ ನಡುವೆ

ಸದ್ದು ಎಷ್ಟಾದರೆ ಜಾಸ್ತಿ? ಕಾರಿನ ಸದ್ದನ್ನು ಅಳೆಯುವ ಹಾಗೆ ದಿನವಿಡೀ ಸರಾಸರಿ ತೆಗೆದರೆ ಗುಂಡಿನ ಸದ್ದು ಲೆಕ್ಕಕ್ಕೇ ಬರುವುದಿಲ್ಲ. ಒಂದೊಂದು ಢಂ ಇರುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಆದರೆ ಕಿರಿಕಿರಿ ಮಾಡುವುದು ಸರಾಸರಿ ಅಲ್ಲ, ಮುಂದಿನದು ಯಾವಾಗ ಬರುತ್ತದೋ ಎಂದು ಕಾಯುವ ಕಿವಿ.

ಇದಕ್ಕೇ ಬ್ರಿಟನ್ನಿನ ಪರಿಸರ ಆರೋಗ್ಯ ಅಧಿಕಾರಿಗಳ ಸಂಸ್ಥೆ 2003ರಲ್ಲಿ ಬೇರೆಯೇ ಅಳತೆ ಮಾಡಿತು. ಅರ್ಧ ಗಂಟೆಯಲ್ಲಿ ಕೇಳಿದ ಅತಿ ಜೋರಾದ 25 ಸದ್ದುಗಳನ್ನು ಹೆಕ್ಕಿ ಅವುಗಳ ಸರಾಸರಿ ತೆಗೆಯುವುದು. ಅದು 55 ಡೆಸಿಬೆಲ್ ಒಳಗಿದ್ದರೆ ಜನರಿಗೆ ಕಿರಿಕಿರಿ ಆಗುವ ಸಂಭವ ಕಡಿಮೆ. 65 ದಾಟಿದರೆ ಬಹುಮಟ್ಟಿಗೆ ಖಂಡಿತ.

ಕಷ್ಟ ಇರುವುದು ನಡುವಿನ ಹತ್ತರಲ್ಲಿ. ಆ ಹತ್ತರೊಳಗೆ ಎಷ್ಟು ದಿನ ಆಡುತ್ತಾರೆ, ಎಷ್ಟು ಹೊತ್ತು ಆಡುತ್ತಾರೆ, ಹಿನ್ನೆಲೆಯಲ್ಲಿ ಹೆದ್ದಾರಿಯ ಗದ್ದಲ ಇದೆಯೇ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಗಾಳಿ ಬೇರೆ. ಇವತ್ತು ಪಶ್ಚಿಮದಿಂದ ಬೀಸಿದರೆ ಒಂದು ಮನೆಯವರಿಗೆ ಸದ್ದೇ ಇಲ್ಲ, ನಾಳೆ ದಿಕ್ಕು ಬದಲಾದರೆ ಅದೇ ಮನೆಯ ಕಿಟಕಿ ನಡುಗುತ್ತದೆ. ಹಾಗಾಗಿ ಅಧಿಕಾರಿ ಬಂದ ದಿನ ಏನೂ ಇರಲಿಲ್ಲ ಎನ್ನುವ ಕ್ಲಬ್ಬೂ ಸರಿ, ಹೋದ ವಾರ ತಡೆಯಲಾಗಲಿಲ್ಲ ಎನ್ನುವ ಮನೆಯವರೂ ಸರಿ.

ಮಿತಿ ಮೀರಿದೆ ಎಂದು ಅನಿಸಿದರೆ ಕೌನ್ಸಿಲ್ 1990ರ ಪರಿಸರ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ನೋಟಿಸ್ ಕೊಡುತ್ತದೆ. ಕ್ಲಬ್ ವ್ಯವಹಾರವಾಗಿ ನಡೆಯುತ್ತಿದ್ದರೆ, ನಮ್ಮ ಕೈಲಾದ ಎಲ್ಲ ಕ್ರಮ ತೆಗೆದುಕೊಂಡಿದ್ದೇವೆ ಎಂದು ವಾದಿಸುವ ಅವಕಾಶವಿದೆ. ಮಣ್ಣಿನ ಏರಿ, ಸದ್ದು ಕಡಿಮೆ ಮಾಡುವ ಕಾಡತೂಸು, ನಿಂತು ಹೊಡೆಯುವ ಜಾಗ ತಿರುಗಿಸುವುದು. ಎಲ್ಲದಕ್ಕೂ ದುಡ್ಡು ಬೇಕು. ತಜ್ಞರ ವರದಿಗೆ, ವಕೀಲರಿಗೆ ಇನ್ನಷ್ಟು. ಕೇಸು ಸೋಲುವ ಮೊದಲೇ ಜೇಬು ಸೋಲಬಹುದು.

28 ದಿನದ ಬಾಗಿಲು

ಹಾಗಾದರೆ ಇಷ್ಟು ವರ್ಷ ಯಾವ ಅನುಮತಿಯ ಮೇಲೆ ನಡೆಯಿತು? ಇಂಗ್ಲೆಂಡಿನಲ್ಲಿ ಹೊಲವನ್ನು ವರ್ಷಕ್ಕೆ 28 ದಿನ ಬೇರೆ ಕೆಲಸಕ್ಕೆ ಬಳಸಲು ಪ್ರತ್ಯೇಕ ಪ್ಲಾನಿಂಗ್ ಅನುಮತಿ ಬೇಡ. ಕ್ಲೇ ಶೂಟಿಂಗ್ ಕೂಡ ಅದರಲ್ಲಿ ಸೇರುತ್ತದೆ. ವಿಶೇಷ ವೈಜ್ಞಾನಿಕ ಮಹತ್ವದ ಜಾಗ ಎಂದು ಗುರುತಿಸಿದ ನೆಲದಲ್ಲಿ ಮಾತ್ರ ಈ ರಿಯಾಯಿತಿ ಇಲ್ಲ, ನಿಯಮದಲ್ಲಿ ಕ್ಲೇ ಪಿಜನ್ ಶೂಟಿಂಗ್ ಎಂದು ಹೆಸರು ಹಿಡಿದೇ ಹೇಳಿದೆ.

ನಿಯಮದ ಹಿಂದಿನ ತಿಳಿವಳಿಕೆ ಸರಳ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆದರೆ ಅದು ಹಬ್ಬ. ಅದೇ ಪ್ರತಿ ವಾರ ನಡೆದರೆ ಅದಕ್ಕೆ ಬೇರೆ ಹೆಸರು ಬರುತ್ತದೆ.

ಕ್ಲಬ್ಬುಗಳು ಬೆಳೆದಂತೆ 28 ದಿನ ಸಾಲುವುದಿಲ್ಲ. ಶನಿವಾರ ಸೇರಿಸುತ್ತಾರೆ, ಸಂಜೆ ಅಭ್ಯಾಸ ಸೇರಿಸುತ್ತಾರೆ. ಹತ್ತು ವರ್ಷ ಯಾರೂ ಆಕ್ಷೇಪ ಎತ್ತದಿದ್ದರೆ ಆ ಬಳಕೆಯೇ ಸಕ್ರಮ ಎಂದು ಪ್ರಮಾಣಪತ್ರ ಪಡೆಯಬಹುದು. ಆದರೆ ಹತ್ತು ವರ್ಷ ಸತತವಾಗಿ, ಇಂತಿಷ್ಟು ದಿನ ಆಡಿದ್ದೇವೆ ಎಂಬುದಕ್ಕೆ ದಾಖಲೆ ಬೇಕು. ಹಳೇ ಸ್ಕೋರ್ ಪುಸ್ತಕ ಇಟ್ಟುಕೊಂಡವರು ಉಳಿಯುತ್ತಾರೆ, ಬಿಸಾಕಿದವರು ಒದ್ದಾಡುತ್ತಾರೆ. ಮತ್ತೆ, ಪ್ರಮಾಣಪತ್ರ ಸಿಕ್ಕಿದರೂ ಅದು ಪ್ಲಾನಿಂಗ್ ಇಲಾಖೆಯ ಬಾಯಿ ಮುಚ್ಚಿಸುತ್ತದೆ ಅಷ್ಟೆ, ಸದ್ದಿನ ನೋಟಿಸನ್ನು ತಡೆಯುವುದಿಲ್ಲ. ಇವೆರಡೂ ಬೇರೆ ಬೇರೆ ಕಾನೂನು. ಎಲ್ಲ ಅನುಮತಿ ಇದ್ದೂ ಹೇಗೆ ಮುಚ್ಚಿದರು ಎಂಬ ಪ್ರಶ್ನೆಗೆ ಹೆಚ್ಚಿನ ಸಲ ಉತ್ತರ ಇದೇ.

2018ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಪ್ಲಾನಿಂಗ್ ನೀತಿಯಲ್ಲಿ ಒಂದು ಸಾಲು ಸೇರಿತು. ಮೊದಲೇ ಇದ್ದ ಕ್ಲಬ್, ಸಂಗೀತದ ಜಾಗ, ಆಟದ ಮೈದಾನಗಳ ಪಕ್ಕ ಹೊಸ ಮನೆ ಕಟ್ಟುವುದಾದರೆ, ಸದ್ದಿನಿಂದ ಕಾಪಾಡುವ ಹೊಣೆ ಕಟ್ಟುವವರದ್ದು. ಒಳ್ಳೆಯ ಮಾತೇ. ಆದರೆ ಇದು ಹೊಸ ಮನೆಗೆ ಅನುಮತಿ ಕೊಡುವ ಹಂತದಲ್ಲಿ ಕೆಲಸ ಮಾಡುತ್ತದೆ. ಈಗಾಗಲೇ ಇರುವ ಮನೆಗೆ ಹೊಸ ಮಾಲೀಕ ಬಂದರೆ ಇದರಿಂದ ಏನೂ ಆಗುವುದಿಲ್ಲ. ಸರ್ಕಾರ 15 ಲಕ್ಷ ಮನೆಗಳ ಗುರಿ ಇಟ್ಟುಕೊಂಡಿರುವಾಗ ಊರಿನ ಅಂಚು ಮೈದಾನದ ಕಡೆಗೆ ಸರಿಯುತ್ತಲೇ ಇರುತ್ತದೆ.

ಸೀಸದ ಕತೆ: ಅಮೆರಿಕ ಮೊದಲೇ ನೋಡಿದ ಸಿನಿಮಾ

ಅಮೆರಿಕದಲ್ಲಿ ಪರಿಸ್ಥಿತಿ ತಲೆಕೆಳಗು. ಅಲ್ಲಿ ಬಹುತೇಕ ರಾಜ್ಯಗಳಲ್ಲಿ ಶೂಟಿಂಗ್ ಮೈದಾನಗಳನ್ನು ಸದ್ದಿನ ಮೊಕದ್ದಮೆಯಿಂದ ಕಾಪಾಡುವ ಕಾನೂನುಗಳಿವೆ. ಆದರೂ ಹೆಸರಾಂತ ಮೈದಾನಗಳು ಮುಚ್ಚಿವೆ. ಕಾರಣ ನೆಲ.

ಕನೆಕ್ಟಿಕಟ್ ರಾಜ್ಯದ ಲಾರ್ಡ್‌ಶಿಪ್ ಎಂಬಲ್ಲಿ ರೆಮಿಂಗ್ಟನ್ ಕಂಪನಿಯ ಗನ್ ಕ್ಲಬ್ ಇತ್ತು. ಕಡಲಿನ ಕಡೆ ಮುಖ ಮಾಡಿ ಹೊಡೆಯುತ್ತಿದ್ದರು. ಜನರಿಗೆ ಗುಂಡು ತಗುಲುವ ಭಯವಿಲ್ಲ, ಹಿನ್ನೆಲೆಯಲ್ಲಿ ಆಕಾಶ ಚೆನ್ನಾಗಿ ಕಾಣುತ್ತದೆ, ಇದಕ್ಕಿಂತ ಒಳ್ಳೆಯ ಜಾಗ ಸಿಗದು ಎಂದೇ ಎಲ್ಲರ ಭಾವನೆ. 1986ರಲ್ಲಿ ಮುಚ್ಚುವ ಹೊತ್ತಿಗೆ ಸುಮಾರು 70 ವರ್ಷದ ಆಟ ಬಿಟ್ಟುಹೋದದ್ದು 2,400 ಟನ್ ಹತ್ತಿರ ಸೀಸ, ಒಂದು ಕೋಟಿ ಹತ್ತು ಲಕ್ಷ ಪೌಂಡ್ ತೂಕದ ಬಿಲ್ಲೆ ಚೂರು. ದಡದಲ್ಲೂ ನೀರಿನಲ್ಲೂ. ಕರಾವಳಿ ಮೀನುಗಾರರ ಸಂಘ ಕೋರ್ಟಿಗೆ ಹೋಯಿತು. ಗುರಿಗೆ ಹೊಡೆದ ಗುಂಡು ಕಸ ಹೇಗಾಗುತ್ತದೆ, ಅದು ಮಾಡಬೇಕಾದ ಕೆಲಸವನ್ನೇ ಮಾಡಿದೆಯಲ್ಲ ಎಂಬುದು ಕಂಪನಿಯ ಕಡೆಯ ವಾದ. 1993ರಲ್ಲಿ ಮೇಲ್ಮನವಿ ಕೋರ್ಟ್, ಅಷ್ಟು ಕಾಲ ಅಲ್ಲೇ ಬಿದ್ದು ಪರಿಸರಕ್ಕೆ ಅಪಾಯ ಒಡ್ಡಿದ ಮೇಲೆ ಅದು ಬಿಸಾಡಿದ ಕಸವೇ ಎಂದಿತು. ಗುಂಡು ಹಾರಿದ ಗಳಿಗೆ ಮತ್ತು ಬಿದ್ದ ಮೇಲಿನ ವರ್ಷಗಳು, ಎರಡನ್ನೂ ಕಾನೂನು ಬೇರೆ ಬೇರೆಯಾಗಿ ನೋಡತೊಡಗಿತು.

ಇನ್ನೊಂದು ಪ್ರಕರಣ ಬೇ ಏರಿಯಾದಲ್ಲಿರುವ ನಮ್ಮವರು ಕಾರಿನಲ್ಲಿ ದಾಟಿ ಹೋಗುವ ಜಾಗದ್ದು. ಸ್ಯಾನ್ ಫ್ರಾನ್ಸಿಸ್ಕೋದ ನೈಋತ್ಯ ಮೂಲೆಯ ಲೇಕ್ ಮರ್ಸೆಡ್. 1934ರಿಂದ ಅಲ್ಲಿ ಪೆಸಿಫಿಕ್ ರಾಡ್ ಆಂಡ್ ಗನ್ ಕ್ಲಬ್ ಸ್ಕೀಟ್, ಟ್ರ್ಯಾಪ್ ಆಡಿಸುತ್ತಿತ್ತು. ಕೆರೆ ನಗರದ ತುರ್ತು ನೀರಿನ ಮೂಲ. ಇಲ್ಲಿ ಗಮನಿಸಬೇಕಾದದ್ದು, ಕ್ಲಬ್ ಕಣ್ಣುಮುಚ್ಚಿ ಕೂತಿರಲಿಲ್ಲ. 1994ರಲ್ಲೇ ಸೀಸ ಬಿಟ್ಟು ಉಕ್ಕಿಗೆ ಬಂತು. ಆಮೇಲೆ ಬಿಲ್ಲೆಗಳನ್ನೂ ಬದಲಾಯಿಸಿತು. ಆದರೂ 2015ರಲ್ಲಿ ಜಾಗ ಬಿಡಬೇಕಾಯಿತು.

ಯಾಕೆ? ಮೊದಲ ಅರುವತ್ತು ವರ್ಷದ ಸೀಸ ಅಲ್ಲೇ ಇತ್ತು. ಬಿಲ್ಲೆಯ ಡಾಂಬರು ಅಂಶದಿಂದ ಬಂದ, ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳೂ ಮಣ್ಣಲ್ಲಿದ್ದವು. ಮಣ್ಣು ತೆಗೆದು ಶುದ್ಧ ಮಾಡಿ ಎಂದು ನೀರಿನ ಗುಣಮಟ್ಟ ನೋಡುವ ಮಂಡಳಿ ಆದೇಶಿಸಿತು. ಅಗೆದು ಸಾಗಿಸಲು ಬಂದ ಖರ್ಚು ಸುಮಾರು 2 ಕೋಟಿ 20 ಲಕ್ಷ ಡಾಲರ್. ಅದು ಬಿದ್ದದ್ದು ಜಾಗದ ಒಡೆಯರಾದ ನಗರದ ನೀರು ಸರಬರಾಜು ಇಲಾಖೆಯ ಮೇಲೆ. ಈಗಿನ ಕ್ಲಬ್ ಎಷ್ಟೇ ಚೊಕ್ಕಟವಾಗಿ ನಡೆಯಲಿ, ಹಿಂದಿನವರ ಗುಂಡು ಅದರ ಕಾಲಡಿಯಲ್ಲೇ ಇರುತ್ತದೆ.

ಬ್ರಿಟನ್ನಿನ ಹೊಸ ನಿಷೇಧ ಏನು, ಏನಲ್ಲ

ನೀರುಹಕ್ಕಿಗಳು ಆಹಾರ ಅರೆಯಲೆಂದು ಸಣ್ಣ ಕಲ್ಲು ನುಂಗುತ್ತವೆ. ಸೀಸದ ಕಾಳೂ ಅದೇ ಗಾತ್ರ. ಬ್ರಿಟನ್ನಿನಲ್ಲಿ ಇದರಿಂದ ವರ್ಷಕ್ಕೆ 50,000ದಿಂದ 1,00,000 ನೀರುಹಕ್ಕಿಗಳು ಸಾಯುತ್ತವೆ ಎಂಬುದು ಪಕ್ಷಿ ಸಂರಕ್ಷಣೆಯವರು ಮುಂದಿಡುವ ಅಂದಾಜು. ಜೌಗು ನೆಲದ ಬೇಟೆಗೆ ಇಂಗ್ಲೆಂಡಿನಲ್ಲಿ 1999ರಿಂದಲೇ ನಿರ್ಬಂಧ ಇತ್ತು. 2020ರಲ್ಲಿ ಒಂಬತ್ತು ಶೂಟಿಂಗ್ ಸಂಘಟನೆಗಳು ತಾವಾಗಿಯೇ ಐದು ವರ್ಷದಲ್ಲಿ ಸೀಸ ಬಿಡುತ್ತೇವೆ ಎಂದವು. ಆದರೆ ಅದು ಬೇಟೆಗೆ ಮಾತ್ರ, ಕ್ಲೇ ಶೂಟಿಂಗ್ ಅದರಲ್ಲಿ ಇರಲಿಲ್ಲ.

2025ರ ಜುಲೈ ಘೋಷಣೆ ಆ ಗೆರೆಯನ್ನು ಅಳಿಸಿತು. ಶೇಕಡ 1ಕ್ಕಿಂತ ಜಾಸ್ತಿ ಸೀಸ ಇರುವ ಶಾಟ್‌ಗನ್ ಕಾಳುಗಳಿಗೆ ನಿಷೇಧ, ಬದಲಾಯಿಸಿಕೊಳ್ಳಲು ಮೂರು ವರ್ಷ, ಜಾರಿ 2029ರ ಏಪ್ರಿಲ್‌ನಿಂದ. ಅನ್ವಯ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡಿಗೆ. ಇದು ಶೂಟಿಂಗ್ ಮೇಲಿನ ನಿಷೇಧ ಅಲ್ಲ, ಲೋಹದ ಮೇಲಿನ ನಿಷೇಧ. ಸುದ್ದಿಯ ತಲೆಬರಹಗಳಲ್ಲಿ ಈ ಭೇದ ಕಳೆದುಹೋಗುತ್ತದೆ.

ಉಕ್ಕಿಗೆ ಬದಲಾದರೆ ಆಯ್ತಲ್ಲ? ಬಹುಪಾಲು ಕ್ಲೇ ಶೂಟರ್‌ಗಳಿಗೆ ಹೌದು, ಅದು ಸಾಧ್ಯ. ಆದರೆ ಸೀಸದ ಸಾಂದ್ರತೆ 11.3, ಉಕ್ಕಿನದು 7.8. ಹಗುರ ಕಾಳು ಬೇಗ ವೇಗ ಕಳೆದುಕೊಳ್ಳುತ್ತದೆ, ಹಾಗಾಗಿ ಸ್ವಲ್ಪ ದಪ್ಪ ಕಾಳು ಬೇಕು. ಗಟ್ಟಿ ಕಾಳು ಹಳೇ ಕೋವಿಗಳ ನಳಿಗೆಗೆ ಆಗಿಬರದು. ಮರಕ್ಕೋ ಕಲ್ಲಿಗೋ ಬಡಿದರೆ ಪುಟಿಯುತ್ತದೆ, ಸೀಸದ ಹಾಗೆ ಚಪ್ಪಟೆಯಾಗಿ ಬೀಳುವುದಿಲ್ಲ. ಹೀಗಾಗಿ ಮೈದಾನದ ಸುರಕ್ಷತೆಯ ನಕ್ಷೆಯನ್ನು ಮತ್ತೆ ಹಾಕಬೇಕಾಗಬಹುದು. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಸೀಸ ಬಳಸುತ್ತಲೇ ಇದ್ದರೆ ಆ ಮಟ್ಟದ ಆಟಗಾರರಿಗೆ ವಿನಾಯಿತಿ ಕೊಡಬೇಕು ಎಂಬುದು ಚರ್ಚೆಯ ಇನ್ನೊಂದು ಎಳೆ.

ದೊಡ್ಡ ಮೈದಾನಗಳು ಇದನ್ನು ತಾಳಿಕೊಳ್ಳುತ್ತವೆ. ಬಾಡಿಗೆ ಹೊಲದಲ್ಲಿ, ಸ್ವಯಂಸೇವಕರ ಬಲದಿಂದ ನಡೆಯುವ ಸಣ್ಣ ಕ್ಲಬ್‌ಗೆ ಇದೇ ಕೊನೆಯ ಹೊರೆ ಆಗಬಹುದು.

ಮುಚ್ಚಿದ ಮೇಲೆ

ಜಮೀನಿನ ಒಡೆಯನನ್ನು ಇಲ್ಲಿಯವರೆಗೆ ಪಕ್ಕಕ್ಕಿಟ್ಟಿದ್ದೆವು. ಬಹಳ ಕ್ಲಬ್ಬುಗಳಿಗೆ ಸ್ವಂತ ನೆಲ ಇಲ್ಲ. ಗುತ್ತಿಗೆ ಮುಗಿಯುವ ಹೊತ್ತಿಗೆ ಸದ್ದಿನ ನೋಟಿಸು ಮೇಜಿನ ಮೇಲಿದ್ದರೆ, ಸೋಲಾರ್ ಕಂಪನಿಯೋ ಮನೆ ಕಟ್ಟುವವರೋ ಬಾಗಿಲು ತಟ್ಟಿದರೆ, ರೈತನ ತೀರ್ಮಾನ ಊಹಿಸುವುದು ಕಷ್ಟವಲ್ಲ. ಪ್ರಕಟಣೆಯಲ್ಲಿ ಗುತ್ತಿಗೆ ನವೀಕರಣ ಆಗಲಿಲ್ಲ ಎಂದಷ್ಟೇ ಇರುತ್ತದೆ.

ಆಮೇಲೆ ಏನಾಗುತ್ತದೆ? ಶೂಟರ್‌ಗಳು ಕೋವಿ ಮಾರಿ ಮನೆಯಲ್ಲಿ ಕೂರುವುದಿಲ್ಲ. ಅನುಕೂಲ ಇರುವವರು ಒಂದೂವರೆ ಗಂಟೆ ಕಾರು ಓಡಿಸಿ ದೊಡ್ಡ ಮೈದಾನಕ್ಕೆ ಹೋಗುತ್ತಾರೆ. ಉಳಿದವರು 28 ದಿನದ ನಿಯಮ ಹಿಡಿದು ಅಲ್ಲೊಂದು ಇಲ್ಲೊಂದು ಹೊಲದಲ್ಲಿ ಆಡುತ್ತಾರೆ. ಅಂದರೆ ಒಂದು ಕಡೆ, ಗೊತ್ತಿದ್ದ ಹೊತ್ತಿನಲ್ಲಿ, ಏರಿಯ ಹಿಂದೆ ಕೇಳುತ್ತಿದ್ದ ಸದ್ದು ನಾಲ್ಕು ಕಡೆ ಚದುರುತ್ತದೆ. ಸೀಸವೂ ಹಾಗೆಯೇ. ಒಂದೇ ಜಾಗದಲ್ಲಿ ಬಿದ್ದ ಸೀಸವನ್ನು ಜರಡಿ ಹಿಡಿದು ತೆಗೆದು ಮಾರುವುದಾದರೂ ಸಾಧ್ಯ, ಹತ್ತು ಹೊಲದಲ್ಲಿ ಹರಡಿದ್ದನ್ನು ಯಾರು ಹೆಕ್ಕುತ್ತಾರೆ? ಒಂದು ಮೈದಾನ ಮುಚ್ಚಿದರೆ ಆ ಹಳ್ಳಿಗೆ ನೆಮ್ಮದಿ ನಿಜ, ಜಿಲ್ಲೆಗೆ ಲಾಭವೇ ಎಂಬುದು ಅನುಮಾನ.

ಕಡಿಮೆ ಜನ ಗಮನಿಸುವ ಇನ್ನೊಂದು ಪರಿಣಾಮ ಇದೆ. ಬ್ರಿಟನ್ನಿನಲ್ಲಿ ಶಾಟ್‌ಗನ್ ಇಟ್ಟುಕೊಳ್ಳಲು ಪೊಲೀಸರ ಪ್ರಮಾಣಪತ್ರ ಬೇಕು. 2025ರ ಫೆಬ್ರವರಿಯಲ್ಲಿ ಹೊಸ ಪ್ರಮಾಣಪತ್ರದ ಶುಲ್ಕ 79.50 ಪೌಂಡ್‌ನಿಂದ 194ಕ್ಕೆ ಏರಿತು. ಆದರೆ 1968ರ ಬಂದೂಕು ಕಾಯಿದೆಯಲ್ಲಿ ಒಂದು ಕಿಂಡಿ ಇದೆ: ಪೊಲೀಸ್ ಮುಖ್ಯಸ್ಥರು ಒಪ್ಪಿದ ಜಾಗದಲ್ಲಿ, ಒಪ್ಪಿದ ಹೊತ್ತಿನಲ್ಲಿ, ಕೃತಕ ಗುರಿಗೆ ಹೊಡೆಯಲು ಪ್ರಮಾಣಪತ್ರ ಬೇಡ. ಸ್ಥಳೀಯ ಮೈದಾನಗಳು ಹೊಸಬರಿಗೆ ಕೋವಿ ಕೊಟ್ಟು, ಪಕ್ಕದಲ್ಲಿ ನಿಂತು ಕಲಿಸುವುದು ಈ ಕಿಂಡಿಯ ಮೂಲಕವೇ. ಮೈದಾನ ಹೋದರೆ ಆ ಸುತ್ತಿನ ಹದಿಹರೆಯದವರಿಗೆ ಆಟ ರುಚಿ ನೋಡುವ ದಾರಿಯೂ ಹೋಗುತ್ತದೆ. ಉಳಿಯುವುದು ಸ್ವಂತ ಕೋವಿ, ಸ್ವಂತ ಜಮೀನು ಇರುವ ಮನೆಗಳ ಮಕ್ಕಳು.

ಮೇಲಿನ ಮಟ್ಟದಲ್ಲಿ ಈ ಕೊರತೆ ತಕ್ಷಣ ಕಾಣುವುದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ನೇಥನ್ ಹೇಲ್ಸ್ ಟ್ರ್ಯಾಪ್ ಚಿನ್ನ ಗೆದ್ದರು. ಆದರೆ ಜಾಗದ ಕೊರತೆ ಬೇರೆ ರೂಪದಲ್ಲಿ ಭಾರತಕ್ಕೂ ತಟ್ಟಿದೆ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತದ 66 ಪದಕಗಳಲ್ಲಿ 16 ಶೂಟಿಂಗ್‌ನಿಂದ ಬಂದಿದ್ದವು. 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ ಶೂಟಿಂಗನ್ನೇ ಕೈಬಿಟ್ಟರು. ಊರಿನ ಹತ್ತಿರ ತಕ್ಕ ಮೈದಾನ ಇಲ್ಲ, ಸರ್ರೆಯ ಬಿಸ್ಲಿ ಶೂಟಿಂಗ್ ಕೇಂದ್ರ ದೂರ ಎಂಬುದು ಸಂಘಟಕರು ಕೊಟ್ಟ ಕಾರಣಗಳಲ್ಲೊಂದು. 2026ರ ಗ್ಲಾಸ್ಗೋ ಪಟ್ಟಿಯಲ್ಲೂ ಶೂಟಿಂಗ್ ಇಲ್ಲ.

ಇನ್ನು ಮುಚ್ಚಿದ ನೆಲದ ವಿಷಯ. ಯಂತ್ರಗಳನ್ನು ಲಾರಿಗೆ ಹಾಕಿ ಸಾಗಿಸಿದ ಮೇಲೆ ಅದು ಮಾಮೂಲಿ ಹುಲ್ಲುಗಾವಲಿನಂತೆಯೇ ಕಾಣುತ್ತದೆ. ಅಲ್ಲಿ ದನ ಮೇಯಿಸಬಹುದೇ, ಮನೆ ಕಟ್ಟಿದರೆ ಮಕ್ಕಳು ಅಂಗಳದಲ್ಲಿ ಆಡಬಹುದೇ ಎಂಬುದು ಕಣ್ಣಿಗೆ ಕಾಣುವ ಸಂಗತಿ ಅಲ್ಲ. ಕೊಳ್ಳಲು ಬಂದವರ ವಕೀಲರು ಅದಕ್ಕೇ ಮೊದಲು ಮಣ್ಣಿನ ಪರೀಕ್ಷೆಯ ವರದಿ ಕೇಳುತ್ತಾರೆ. ಸದ್ದಿನ ಮೇಲೆ ದೂರು ಕೊಟ್ಟ ನೆರೆಯವರು ಮತ್ತು ಮೈದಾನ ಉಳಿಸಿ ಎಂದು ಸಹಿ ಸಂಗ್ರಹಿಸಿದ ಕ್ಲಬ್ಬಿನವರು, ಇಬ್ಬರ ಅರ್ಜಿಯಲ್ಲೂ ಆ ವರದಿಯ ಪ್ರಸ್ತಾಪವೇ ಇರುವುದಿಲ್ಲ.